ಅರ್ಧ ತಾಳ ತಡವಾದ ಗುನುಗು

ಗಂಟಲಿನ ಆಪರೇಷನ್ ಆದ ಮೇಲೆ ದೊಡ್ಡಮ್ಮನಿಗೆ ಉಳಿದದ್ದು ಪಿಸುಮಾತೊಂದೇ. ಅದನ್ನೂ ಅವಳು ಜಿಪುಣಿಯ ಹಾಗೆ ಹಿಡಿದು ಹಿಡಿದು ಬಳಸುತ್ತಿದ್ದಳು. ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುವುದಕ್ಕೆ, ಪ್ಯಾಂಟಿನ ಕಾಲು ಮಡಚಿ ಹೊಲಿಯುವುದಕ್ಕೆ ಮಾತು ಬೇಕಾಗಿಯೂ ಇರಲಿಲ್ಲ. ಇಬ್ಬರಿಗಾಗುವಷ್ಟು ಮಾತನ್ನು ಟೈಲರೇ ಆಡುತ್ತಿದ್ದ. ಅವಳು ಏನಾದರೂ ಹೇಳುವುದಿದ್ದರೆ ಅವನ ಮಿಷನ್ ನಿಲ್ಲುವ ತನಕ ಕಾಯಬೇಕು. ಅದು ಓಡುತ್ತಿದ್ದರೆ ಪಿಸುಮಾತು ಪಕ್ಕದವರ ಕಿವಿಗೂ ಬೀಳದು.

ಮಾತು ಮುಗಿದರೆ ಟೈಲರಿಗೆ ಹಾಡು. ಅದೂ ಒಂದೇ ಹಾಡು, ಒಂದು ಕಾಲಕ್ಕೆ ಊರಿಗೆ ಊರೇ ಹುಚ್ಚೆದ್ದು ಹಾಡಿದ್ದು. ಕೊನೆಯ ಸಾಲು ಮುಗಿದು, ಹಾಡಿನ ತುದಿಗೆ ಬರುವ ಗುನುಗು ಶುರುವಾಗುವ ಮುಂಚೆ ಪೆಡಲಿನ ಮೇಲೆ ಅವನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಅಂಗಡಿ ಗಪ್‌ಚಿಪ್. ಆಮೇಲೆ ಅವನು ‘ಹೂಂ ಹೂಂ’ ಎಂದು ಎಳೆಯುತ್ತಿದ್ದ. ಶುದ್ಧ ಅಪಸ್ವರ. ಆದರೂ ಆ ನಿಂತ ಕಾಲನ್ನು ಕಂಡರೆ ದೊಡ್ಡಮ್ಮನ ಜೀವ ತಂಪಾಗುತ್ತಿತ್ತು.

ಏಕೆಂದರೆ ಆ ಗುನುಗು ಅವಳದು. ತಂಗಿಯ ಮನೆಯವರನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ.

ವಯಸ್ಸಿನಲ್ಲಿದ್ದಾಗ ಅವಳು ಸಿನಿಮಾ ಹಾಡುಗಳಿಗೆ ಟ್ರ್ಯಾಕ್ ಹಾಡುತ್ತಿದ್ದಳು. ದೊಡ್ಡ ಗಾಯಕಿ ಬರುವ ಮುಂಚೆ ಹಾಡನ್ನೆಲ್ಲ ಹಾಡಿಡಬೇಕು. ಗಾಯಕಿ ಅದನ್ನು ಕೇಳಿ ಕಲಿತು ತಾನು ಹಾಡಿದ ಮೇಲೆ ಮೊದಲಿನ ದನಿಯನ್ನು ಅಳಿಸಿಬಿಡುತ್ತಾರೆ. ಬೇರೆಯವರ ಮನೆಗೆ ರಂಗೋಲಿ ಹಾಕಿ ತಾನೇ ಒರೆಸಿ ಬರುವಂಥ ಕೆಲಸ. ಆ ಹಾಡಿನ ದಿನ ಮಾತ್ರ ಗಾಯಕಿಗೆ ಎಲ್ಲಿಗೋ ಹೋಗುವ ಅವಸರ. ಕೊನೆಯ ಗುನುಗು ಬಾಕಿ ಇರುವಾಗಲೇ ಎದ್ದು ಹೊರಟುಬಿಟ್ಟಳು. “ಅದೊಂದನ್ನ ನೀನೇ ಗುನುಗಿಬಿಡಮ್ಮ, ಯಾರಿಗೆ ಗೊತ್ತಾಗುತ್ತೆ” ಎಂದರು ಸಂಗೀತ ನಿರ್ದೇಶಕರು. ಅವಳು ಮೈಕಿನ ಮುಂದೆ ನಿಂತಳು. ಗಾಯಕಿ ಎಲ್ಲಿ ವಾಪಸು ಬಂದಾಳೋ ಎಂದು ಒಮ್ಮೆ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಅರ್ಧ ತಾಳ ಜಾರಿತು. ತಡವಾಗಿಯೇ ಗುನುಗಿದಳು. ಇನ್ನೊಮ್ಮೆ ಹಾಡಿಸಲು ಯಾರಿಗೂ ವ್ಯವಧಾನವಿರಲಿಲ್ಲ.

ಜನಕ್ಕೆ ಹಿಡಿಸಿದ್ದು ಅದೇ. ಬಸ್ಸಿನಲ್ಲಿ, ಬಚ್ಚಲಲ್ಲಿ, ಯಾರು ಹಾಡಿದರೂ ಅಲ್ಲಿ ಒಮ್ಮೆ ತಡೆದು ನಿಲ್ಲುತ್ತಿದ್ದರು. ತಾನು ಇದ್ದೆನೆಂಬುದಕ್ಕೆ ದೊಡ್ಡಮ್ಮನಿಗಿದ್ದ ಸಾಕ್ಷಿ ಆ ತಡೆಯೊಂದೇ. ಮನೆಯಲ್ಲಿ ಮಾತ್ರ, “ಅಲ್ಲಿ ಎಡವಿಬಿಟ್ಟೆ ಕಣೇ, ಕೇಳಿದಾಗೆಲ್ಲ ನಾಚ್ಕೆ ಆಗುತ್ತೆ” ಎನ್ನುತ್ತಿದ್ದಳು. ಚೆನ್ನಾಗಿ ಅಡುಗೆ ಮಾಡಿದವರು ಉಪ್ಪು ಕಮ್ಮಿಯಾಯಿತೇನೋ ಎನ್ನುವುದಿಲ್ಲವೇ, ಹಾಗೆ. ಇಲ್ಲ ಇಲ್ಲ ಎನ್ನುವುದು ಉಳಿದವರ ಕೆಲಸ. ತಂಗಿ ಅದನ್ನು ತಪ್ಪದೆ ಮಾಡುತ್ತಿದ್ದಳು. ತಂಗಿಯ ಮಗಳು ಪುಟ್ಟಿ ಮಾತ್ರ ಮಡಿಲಲ್ಲಿ ಕೂತು, ಕೇಳಿದ್ದನ್ನೆಲ್ಲ ನಿಜವೆಂದು ನಂಬಿ ಬೆಳೆದಳು.

ಈಗ ಪುಟ್ಟಿ ತನ್ನದೇ ವಯಸ್ಸಿನ ಹುಡುಗಿಯರ ಜೊತೆ ಒಂದು ಹಾಡಿನ ತಂಡ ಸೇರಿದ್ದಳು. ಅವರ ಮೊಟ್ಟಮೊದಲ ಹಾಡಿಗೆ ಆಡಿಯೋ ಕಂಪನಿಯವರು ಆರಿಸಿದ್ದು ಅದೇ ಹಳೇ ಹಾಡು. ಪುಟ್ಟಿ ಅಂಗಡಿಯ ಮೆಟ್ಟಿಲಿಗೇ ಓಡಿಬಂದಿದ್ದಳು.

“ಹಳೇ ಟೇಪ್ ಸಿಕ್ಕಿದೆ ದೊಡ್ಡಮ್ಮ. ಕೊನೇಲಿ ನಿನ್ನ ಗುನುಗೇ ಇರುತ್ತೆ. ಹಟ ಹಿಡಿದು ಒಪ್ಪಿಸ್ದೆ. ನಿನ್ನ ಹೆಸರೂ ಹಾಕ್ತಾರೆ.”

ಅಂದಿನಿಂದ ದೊಡ್ಡಮ್ಮ ಗುಂಡಿಗಳನ್ನು ಅದಲುಬದಲು ಹಾಕಿ ಟೈಲರನ ಹತ್ತಿರ ಬೈಸಿಕೊಂಡದ್ದೇ ಬೈಸಿಕೊಂಡದ್ದು.

ಹಾಡು ಬಿಡುಗಡೆಯಾದ ದಿನ ತಂಗಿಯ ಮನೆಯಲ್ಲಿ ಎಲ್ಲರೂ ಸೇರಿದರು. ಪುಟ್ಟಿ ಮೊದಲು ಫೋನಿನಲ್ಲಿ ಹೆಸರು ತೋರಿಸಿದಳು. ಹೌದು, ಅವಳದೇ. ಹಾಡು ಶುರುವಾಯಿತು. ದೊಡ್ಡಮ್ಮ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದಳು. ಕೊನೆಯ ಸಾಲು ಮುಗಿಯಿತು. ಅವಳ ಕೈ ಮೇಲೆತ್ತಿದಲ್ಲೇ ನಿಂತು ಕಾಯಿತು. ಅಷ್ಟರಲ್ಲಿ ಗುನುಗು ಶುರುವಾಗಿಬಿಟ್ಟಿತ್ತು.

ದನಿ ಅವಳದೇ. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಬಂದು, ಸರಿಯಾಗಿ ಮುಗಿಯಿತು. ಅಂಥದ್ದನ್ನು ಯಾರು ಬೇಕಾದರೂ ಗುನುಗಬಹುದಿತ್ತು. ದೊಡ್ಡಮ್ಮನ ಕೈ ಇನ್ನೂ ಮೇಲೆಯೇ ಇತ್ತು.

“ಗೊತ್ತಾಯ್ತಾ?” ಪುಟ್ಟಿಯ ಮುಖ ಅರಳಿತ್ತು. “ಕಂಪನಿಯವರು ಹಾಗೇ ಬಿಡೋಣ, ಅದೇ ಚಂದ ಅಂದ್ರು. ನಾನೇ ಬಿಡ್ಲಿಲ್ಲ. ಕೂತು ಸರಿ ಮಾಡಿಸ್ದೆ. ಎಷ್ಟು ವರ್ಷ ಬೇಜಾರ್ ಮಾಡ್ಕೊಂಡಿದ್ದೆ ನೀನು. ಇನ್ನು ನಾಚ್ಕೆ ಪಡ್ಬೇಡ.”

ತಂಗಿ ತಲೆ ತಗ್ಗಿಸಿದಳು. ದೊಡ್ಡಮ್ಮನಿಗೆ ಸಿಟ್ಟು ಬಂತು. ಮಗುವಿನ ಮೇಲಲ್ಲ, ಸುಳ್ಳು ವಿನಯ ಆಡಿದ ತನ್ನ ನಾಲಿಗೆಯ ಮೇಲೆ.

“ಚೆನ್ನಾಗಿದೆ ಮರಿ” ಎಂದು ಪಿಸುಗುಟ್ಟಿದಳು.

ಹಾಡು ಗೆದ್ದಿತು. ಅಂಗಡಿಯ ರೇಡಿಯೋದಲ್ಲಿ ದಿನವಿಡೀ ಅದೇ. ಮೊದಮೊದಲು ಟೈಲರ್ ಎಂದಿನ ಜಾಗದಲ್ಲಿ ಕಾಲು ನಿಲ್ಲಿಸಿ, “ಇದೇನಕ್ಕ, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಾರೆ” ಎಂದು ಗೊಣಗಿದ. ಆಮೇಲೆ ಗೊಣಗುವುದನ್ನು ಬಿಟ್ಟ.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ರೇಡಿಯೋ ಸುಮ್ಮನಾಗಿತ್ತು. ಟೈಲರ್ ಪೆಡಲ್ ತುಳಿಯುತ್ತ ತಾನೇ ಹಾಡತೊಡಗಿದ. ದೊಡ್ಡಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನ ಕಾಲನ್ನೇ ನೋಡುತ್ತ ಕೂತಳು. ಕೊನೆಯ ಸಾಲು ಬಂತು, ಮುಗಿಯಿತು. ಕಾಲು ನಿಲ್ಲಲಿಲ್ಲ.

“ಅಲ್ಲಿ ಕಾಯ್ಬೇಕು” ಎಂದಳು ಅವಳು.

ಮಿಷನ್ ಓಡುತ್ತಲೇ ಇತ್ತು. ಅವನಿಗೆ ಕೇಳಿಸಲಿಲ್ಲ.