ಕ್ಲಚ್ ಸುಟ್ಟವರು ಯಾರು

"ಕ್ಲಚ್ ತಾನಾಗೇ ಸುಟ್ಟುಹೋಗಲ್ಲ ಮೇಡಂ. ಯಾರೋ ಸುಟ್ಟಿರ್ತಾರೆ."

ವರ್ಕ್‌ಶಾಪಿನ ಸೂಪರ್‌ವೈಸರ್ ಹೀಗೆಂದು, ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಕ್ಲಚ್ ಪ್ಲೇಟನ್ನು ಮೇಜಿನ ಮೇಲಿಟ್ಟ. ಅದು ಕರ್ರಗೆ ಸೀದು, ಅಂಚೆಲ್ಲ ಪುಡಿಪುಡಿಯಾಗಿತ್ತು. ಎದುರಿಗೆ ಕೂತಿದ್ದ ಹೆಂಗಸು ಕನ್ನಡಕ ಏರಿಸಿಕೊಂಡು ಅದನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ಇದು ನನ್ನ ಗಾಡೀದೇ ಅಂತ ಏನ್ರೀ ಗ್ಯಾರಂಟಿ? ಇಲ್ಲಿ ಇಂಥವು ಇನ್ನೆಷ್ಟು ಬಿದ್ದಿದಾವೋ!"

ಸೂಪರ್‌ವೈಸರ್ ಫೋನಿನಲ್ಲಿ ಫೋಟೋ ತೋರಿಸಿದ. ಗಾಡಿಯಿಂದ ಬಿಚ್ಚುವಾಗಲೇ ತೆಗೆದದ್ದು, ನಂಬರ್ ಪ್ಲೇಟೂ ಕಾಣುತ್ತಿತ್ತು. ಆಕೆ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿದಳು. ತಾಳೆಯಾಯಿತು. ಆದರೂ ಮನಸ್ಸು ಒಪ್ಪಲಿಲ್ಲ.

ಆಕೆಯ ನಿಜವಾದ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಆಕೆ ಕ್ಲಚ್ಚಮ್ಮ. ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ ಬಿಡು, ಕ್ಲಚ್ ಬಿಡು, ಅದೇನು ನಿನ್ನ ಕಾಲೊರೆಸೋ ಮಣೆಯಾ?" ಎಂದು ಗದರಿಸಿ ಗದರಿಸಿ ಬಂದ ಹೆಸರು ಅದು. ಒಂಬತ್ತು ತಿಂಗಳ ಹಿಂದೆ, ಜೀವಮಾನದ ಆಸೆ ಎಂದು, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದಳು. ಕೈಯಲ್ಲಿ ಗೇರ್ ಹಾಕುವಂಥದ್ದೇ ಬೇಕೆಂದು ಹಟ ಹಿಡಿದು ತರಿಸಿದ್ದು. ಗೇರ್ ತಾನೇ ಬದಲಾಗುವ ಗಾಡಿ ಎಂದರೆ ಆಕೆಗೆ ಬೇರೆಯವರು ಅಗಿದು ಬಾಯಿಗಿಟ್ಟ ತುತ್ತು.

ಅಂಥ ಗಾಡಿ ಹೋದ ವಾರ ಸೇತುವೆಯ ಏರಿನಲ್ಲಿ, ಸಿಗ್ನಲ್ ಬಿಟ್ಟ ಕೂಡಲೇ, ಕೂಗಾಡಿತೇ ಹೊರತು ಒಂದಡಿ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಎಳೆದೊಯ್ಯುವ ಲಾರಿ ಬರುವಷ್ಟರಲ್ಲಿ ಆಕೆಯ ಬಳಿ ಕಲಿತಿದ್ದ ಮೂವರು ಅದೇ ದಾರಿಯಲ್ಲಿ ಹಾದುಹೋದರು. ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಮಾತು: ಕ್ಲಚ್ಚಮ್ಮನ ಕ್ಲಚ್ಚೇ ಹೋಯಿತಂತೆ! ಸೇರಿಕೊಳ್ಳುತ್ತೇನೆ ಎಂದಿದ್ದ ಇಬ್ಬರು ಎದುರು ರಸ್ತೆಯ ಸ್ಕೂಲಿಗೆ ಹೋದರು.

ಈಗ ಕಂಪನಿಯ ಕಾಗದ ಬೇರೆ: "ಚಾಲಕರ ತಪ್ಪು ಬಳಕೆ. ವಾರಂಟಿ ಅನ್ವಯಿಸುವುದಿಲ್ಲ."

"ದುಡ್ಡು ಹಾಳಾಗ್ಹೋಗ್ಲಿ. ಆ ಮೂರು ಮಾತು ತೆಗೀರಿ," ಎಂದಳು ಕ್ಲಚ್ಚಮ್ಮ. "ಚಾಲಕರ ತಪ್ಪು ಬಳಕೆ! ಈ ಕಾಗದ ಹೊರಗೆ ಬಂದ್ರೆ ನಾನು ಸ್ಕೂಲಿಗೆ ಬೀಗ ಹಾಕ್ಬೇಕು."

"ನಿಮ್ಮನ್ನ ಬಿಟ್ಟು ಬೇರೆ ಯಾರಾದ್ರೂ ಓಡಿಸಿದ್ರಾ ಮೇಡಂ? ನೆನಪು ಮಾಡ್ಕೊಳ್ಳಿ."

ಅಷ್ಟು ಸಾಕಾಯಿತು. ತಲೆಗೆ ಹುಳ ಹೊಕ್ಕಿತು.

ವರ್ಕ್‌ಶಾಪಿನ ಮೆಟ್ಟಿಲಿಳಿಯುತ್ತಲೇ ತಮ್ಮನಿಗೆ ಫೋನ್ ಹಚ್ಚಿದಳು. "ಏನೋ, ಹೋದ ತಿಂಗಳು ಎರಡು ದಿನ ಗಾಡಿ ಒಯ್ದಿದ್ಯಲ್ಲ, ಏನ್ ಮಾಡ್ದೆ ನಿಜ ಹೇಳು."

"ಅಕ್ಕಾ, ನಿನ್ನ ಗಾಡೀಲಿ ಕೂತ್ರೆ ನೀನೇ ಪಕ್ಕ ಕೂತ ಹಾಗಿರುತ್ತೆ. ನಲವತ್ತರ ಮೇಲೆ ಮುಳ್ಳು ಏರಿಸಿಲ್ಲ ನಾನು."

"ಹೋಗಿ ಬರೋಕೆ ಅರವತ್ತು ಕಿಲೋಮೀಟರ್. ತೊಂಬತ್ತೊಂದು ಯಾಕೆ ಓಡಿತ್ತು?"

ಆ ಕಡೆ ಈಗ ಸಣ್ಣ ದನಿ: "ಮೀಟರ್ ಬೇರೆ ನೋಡಿಟ್ಟಿದ್ದೀಯಾ? ದಾರಿ ತಪ್ತು ಮಾರಾಯ್ತಿ. ನಾಚ್ಕೆಯಾಗಿ ಹೇಳ್ಲಿಲ್ಲ."

ಹುಟ್ಟಿದಾರಭ್ಯ ದಾರಿ ತಪ್ಪುವವನೇ ಅವನು. ಹಾಗಾಗಿ ಈ ಮಾತನ್ನು ನಂಬದಿರುವುದು ಕಷ್ಟವಾಯಿತು. ಉಳಿದವರು ಯಜಮಾನರು.

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ನಿಂತು ಕೇಳಿದಳು: "ರೀ, ಎರಡು ಸಲ ನನ್ನ ಕಾರಿನ ಸೀಟು ಒಂದು ಗೇಣು ಹಿಂದಕ್ಕೆ ಹೋಗಿತ್ತು. ಯಾರು ಕೂತಿದ್ರು?"

ಗಂಡ ಓದುತ್ತಿದ್ದ ಪೇಪರನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿದರು. "ನಾನೇ ಕಣೇ."

"ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ. ಶೆಡ್ಡಲ್ಲೇ ಕೂತು ರೇಡಿಯೋ ಕೇಳ್ದೆ. ಮನೇಲಿ ನಿನ್ನ ದನಿ ಮುಂದೆ ರೇಡಿಯೋ ಎಲ್ಲಿ ಕೇಳ್ಸುತ್ತೆ?"

"ಇಂಜಿನ್ ಹಾಕ್ಲಿಲ್ಲ ತಾನೆ?"

"ನಿನ್ನ ಹತ್ರ ನಾಲ್ಕು ದಿನ ಕಲಿತವನು ನಾನು. ಜನ್ಮದಲ್ಲಿ ಇನ್ನೊಮ್ಮೆ ಇಂಜಿನ್ ಹಾಕ್ತೀನಾ?"

ಹೀಗೆ ಮನೆಯವರೆಲ್ಲ ಪಾರಾದರು. ಹಾಗಾದರೆ ಕಳ್ಳ ವರ್ಕ್‌ಶಾಪೇ. ತಯಾರಿಕೆಯ ದೋಷ ಮುಚ್ಚಿಡಲು ತನ್ನ ತಲೆಗೆ ಕಟ್ಟುತ್ತಿದ್ದಾರೆ. ಕ್ಲಚ್ಚಮ್ಮ ರಾತ್ರಿ ನಿದ್ದೆಗೆಟ್ಟು ಕಂಪನಿಗೆ ತಕರಾರು ಅರ್ಜಿ ಬರೆಯಲಿಲ್ಲ, ಬೆಳಿಗ್ಗೆ ಚೆನ್ನಾಗಿ ತಿಂಡಿ ತಿಂದುಕೊಂಡೇ ಬರೆದಳು, ಕೋಪ ಗಟ್ಟಿಯಾಗಿರಲೆಂದು.

ಅರ್ಜಿಯನ್ನು ಸೂಪರ್‌ವೈಸರ್ ಪೂರ್ತಿ ಓದಿದ. ಕೊನೆಯಲ್ಲಿ, "ಬನ್ನಿ ಮೇಡಂ, ಒಂದು ರೌಂಡ್ ಹೋಗೋಣ. ನೀವೇ ಓಡಿಸಿ," ಎಂದು ವರ್ಕ್‌ಶಾಪಿನ ಗಾಡಿಯ ಕೀಲಿ ಕೊಟ್ಟ.

"ಪರೀಕ್ಷೆನಾ? ನನಗಾ?"

"ಬನ್ನಿ ಅಂದೆ ಅಷ್ಟೇ."

ಕ್ಲಚ್ಚಮ್ಮ ಓಡಿಸಿದ ಚೆಂದವೇ ಚೆಂದ. ಗೇರುಗಳು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಬಿದ್ದವು. ಪಕ್ಕದಲ್ಲಿ ಕೂತವನು ಮಾತ್ರ ರಸ್ತೆ ಬಿಟ್ಟು ಕೆಳಗೇ ನೋಡುತ್ತಿದ್ದ. ಎರಡು ಸಲ ಸಹಿಸಿಕೊಂಡಳು.

"ಏನ್ರೀ ನೋಡ್ತಿದ್ದೀರ? ನಿಮ್ಮಮ್ಮನ ವಯಸ್ಸು ನನಗೆ."

ಅವನ ಕಿವಿ ಕೆಂಪಾಯಿತು. "ತಪ್ಪು ತಿಳೀಬೇಡಿ ಮೇಡಂ. ಕೊನೇ ಸಲ ಗೇರ್ ಹಾಕಿದ್ದು ಯಾವಾಗ?"

"ಆಗಲೇ. ಎರಡು ಕಿಲೋಮೀಟರ್ ಆಯ್ತು."

"ಈಗ ನಿಮ್ಮ ಎಡಗಾಲೆಲ್ಲಿದೆ?"

ಕ್ಲಚ್ಚಮ್ಮ ಕೆಳಗೆ ನೋಡಿದಳು. ಎಡಗಾಲು ಕ್ಲಚ್ಚಿನ ಮೇಲಿತ್ತು. ಒತ್ತಿರಲಿಲ್ಲ. ಮಲಗಿದ ಮಗುವಿನ ಮೇಲೆ ತಾಯಿ ಕೈಯಿಟ್ಟ ಹಾಗೆ, ಭಾರ ಇದೆಯೋ ಇಲ್ಲವೋ ಎಂಬಂತೆ.

"ಈಗ ತಾನೇ ಇಟ್ಟೆ," ಎಂದು ಕಾಲು ತೆಗೆದಳು. "ಅಷ್ಟು ಭಾರ ಸಾಕು ಮೇಡಂ, ಪ್ಲೇಟು ಜಾರಿ ಜಾರಿ ಸೀಯೋಕೆ," ಎಂದ ಅವನು. ಮುಂದಿನ ತಿರುವು ಕಳೆದ ಮೇಲೆ ಆಕೆಯೇ ಮತ್ತೆ ನೋಡಿಕೊಂಡಳು. ಕಾಲು ತಾನಾಗಿ ಹೋಗಿ ಅಲ್ಲೇ ಕೂತಿತ್ತು.

ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿದಳು. ಕಲಿಸುವ ಗಾಡಿಯಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಕ್ಲಚ್, ಒಂದು ಬ್ರೇಕ್. ಕಲಿಯುವವರು ಯಾವ ಗಳಿಗೆಯಲ್ಲಿ ಎಲ್ಲಿಗೆ ನುಗ್ಗಿಸುತ್ತಾರೋ ಎಂದು ಇಪ್ಪತ್ತಾರು ವರ್ಷ ಆ ಕಾಲು ಕ್ಲಚ್ಚಿನ ಮೇಲೆ ಕಾವಲು ಕೂತಿತ್ತು. ಇಲ್ಲಿ ಕಾಯಬೇಕಾದವರು ಯಾರೂ ಇಲ್ಲ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಸ್ಕೂಲಿನ ಗಾಡಿಯ ಕ್ಲಚ್ಚೂ ವರ್ಷಕ್ಕೊಂದು ಹೋಗುತ್ತಿತ್ತು. ಪ್ರತಿ ಸಲವೂ ಆಕೆ ಬೈದದ್ದು, ಆ ದಿನ ಸ್ಟೀರಿಂಗ್ ಹಿಡಿದವರನ್ನು.

"ಕಾರಣ ತಿಳಿದಿಲ್ಲ ಅಂತ ಬರೀತೀನಿ ಮೇಡಂ," ಎಂದ ಸೂಪರ್‌ವೈಸರ್ ಮೆಲ್ಲಗೆ. "ಕೊನೇ ವರದಿ ಇನ್ನೂ ನನ್ನ ಹತ್ರಾನೇ ಇದೆ."

ಕ್ಲಚ್ಚಮ್ಮನಿಗೆ ತಕ್ಷಣ ಅನುಮಾನ. "ಯಾಕೆ? ನಿಮಗೇನು ಲಾಭ?"

"ಲಾಭ ಏನಿಲ್ಲ. ನನ್ನ ಹೆಂಡ್ತಿ ನಿಮ್ಮ ಹತ್ರ ಕಲೀತಿದ್ಲು. ಕ್ಲಚ್ ಸುಟ್ಟೆ ಅಂತ ನೀವು ಬೈದ್ರಂತೆ. ಅಳ್ತಾ ಬಂದೋಳು ಮತ್ತೆ ಗಾಡಿ ಮುಟ್ಲಿಲ್ಲ. ಮನಸ್ಸಿಗೆ ನಾಟೋ ಮಾತು ಹೇಗಿರುತ್ತೆ ಅಂತ ಗೊತ್ತು ನನಗೆ."

ಆಕೆ ಗಾಡಿ ತಿರುಗಿಸಿ ನೇರ ವರ್ಕ್‌ಶಾಪಿಗೆ ಬಿಟ್ಟಳು. ಒಳಗೆ ಬಂದು ತನ್ನ ಅರ್ಜಿ ವಾಪಸ್ ತಗೊಂಡು ಚೀಲಕ್ಕೆ ತುರುಕಿದಳು.

"ಬರೆದಿದ್ದು ಹಾಗೇ ಇರ್ಲಿ. ಚಾಲಕರ ತಪ್ಪು. ಎಲ್ಲಿ ಸೈನ್ ಹಾಕ್ಬೇಕು?"

"ಮೇಡಂ, ಸ್ಕೂಲು...?"

"ಕೇಳಿದೋರಿಗೆ ನಾನೇ ಹೇಳ್ತೀನಿ. ಸೋಮವಾರ ಬೆಳಿಗ್ಗೆ ನಿಮ್ಮ ಮನೆಯವ್ರನ್ನ ಕಳಿಸಿ."

"ಬರಲ್ಲ ಅಂದ್ರೆ?"

"ಬೈದೋಳು ನಾನು. ನಾನೇ ಬಂದು ಕರೀತೀನಿ ಕಣಪ್ಪ."

ತನ್ನ ಕಾರು ಸರಿಯಾಗುವ ತನಕ ಇರಲೆಂದು ಅವರು ಕೊಟ್ಟ ಅದೇ ಗಾಡಿಯಲ್ಲಿ ಹೊರಟಳು. ಎಡಗಾಲನ್ನು ಕ್ಲಚ್ಚಿನಿಂದ ದೂರ ಸರಿಸಿ, ನೆಲಕ್ಕೆ ಮೊಳೆ ಹೊಡೆದಂತೆ ಊರಿದಳು. ಗೇಟಿನ ಅಡ್ಡಕೋಲು ಕೆಳಗಿಳಿಯಿತು. ಬ್ರೇಕ್ ಒತ್ತಿದಳು, ಕ್ಲಚ್ ಒತ್ತಬೇಕಾದ ಎಡಗಾಲು ಊರಿದಲ್ಲೇ ಇತ್ತು. ಗಾಡಿ ಎರಡು ಸಲ ಜಗ್ಗಿ, ಕೆಮ್ಮಿ, ಆಫ್ ಆಯಿತು. ಹಿಂದಿನವನು ಹಾರ್ನ್ ಒತ್ತಿದ.