ಸೊಸೆ ಆರಿಸಿದ ಟೈರು

ಗಾಳಿಯಣ್ಣನ ಟೈರು ಅಂಗಡಿಯ ಮುಂದೆ ನಮ್ಮ ಪುಟ್ಟ ಕಾರು ಹೊಸ ಚಕ್ರ ತೊಟ್ಟು ನಿಂತಿದ್ದನ್ನು ನೋಡಿ ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಕುಳ್ಳಿಯೊಬ್ಬಳು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡ ಹಾಗಿತ್ತು ಅದರ ಅವತಾರ. ಇವತ್ತು ಅದೇ ಟೈರುಗಳಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ, ಅದು ಬೇರೆ ಮಾತು. ಅವತ್ತು ಮಾತ್ರ ಒದೆಯಬೇಕು ಅನ್ನಿಸಿತ್ತು.

ಬಾನೆಟ್ಟಿನ ಮೇಲೆ ಕೈ ಊರಿ, ಬಗ್ಗಿ, ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಓದಿದೆ. 205, 50, 16. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಂದರೆ ಆ ಅಗಲದ ನೂರರಲ್ಲಿ ಐವತ್ತು ಪಾಲು. ಮೂರನೆಯದು ಒಳಗಿನ ಲೋಹದ ಚಕ್ರದ ಅಡ್ಡಳತೆ, ಇಂಚಿನಲ್ಲಿ. ನಾನು ಹೊಲಿಗೆಯವಳು, ಅಳತೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯದು 195, 50, 15 ಇತ್ತು. ಅದರಲ್ಲೇ ನಾನು ಹಿಂದಿನ ವರ್ಷ ಗೆದ್ದಿದ್ದೆ.

"ಹದಿನಾರು ಇಂಚಾ? ಹದಿನೈದೇ ಸಾಕು ಅಂತ ಬಾಯಿ ಬಡ್ಕೊಂಡಿದ್ದೆನಲ್ಲೇ!" ಎಂದೆ.

"ಹೇಳಿದ್ರಿ ಅತ್ತೆ," ಎಂದಳು ಸೊಸೆ, ತಣ್ಣಗೆ. "ಆದ್ರೆ ಈ ವರ್ಷ ಆರಿಸೋದು ನಾನು."

ಅದೂ ನಿಜವೇ. ನಮ್ಮ ಮನೆಯ ಕಾನೂನು ಹಾಗಿದೆ, ಮಾಡಿದವಳೂ ನಾನೇ. ತಿಂಗಳಿಗೊಂದು ಭಾನುವಾರ ಮಾರುಕಟ್ಟೆಯ ಹಿಂದಿನ ಪಾರ್ಕಿಂಗ್ ಬಯಲು ಖಾಲಿ ಬಿದ್ದಿರುತ್ತದೆ. ಅಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ನಿಲ್ಲಿಸಿ ಅಂಕುಡೊಂಕು ದಾರಿ ಮಾಡುತ್ತೇವೆ. ಒಂದು ಸಲಕ್ಕೆ ಒಂದೇ ಕಾರು, ಪೈಪೋಟಿಯೆಲ್ಲ ಗಡಿಯಾರದ ಜೊತೆ. ಕೋನು ಬೀಳಿಸಿದರೆ ಎರಡು ಸೆಕೆಂಡು ದಂಡ. ಇದಕ್ಕೆ ಆಟೋಕ್ರಾಸ್ ಅನ್ನುತ್ತಾರೆ. ಬಹುಮಾನ ಅಂದರೆ ಒಂದು ಪ್ಲಾಸ್ಟಿಕ್ ಕಪ್ಪು, ಜೊತೆಗೆ ವರ್ಷವಿಡೀ ಕೊಚ್ಚಿಕೊಳ್ಳುವ ಹಕ್ಕು. ನನಗೂ ಸೊಸೆಗೂ ಸೇರಿ ಒಂದೇ ಕಾರು. ನನ್ನ ಮಗ, ಅಂದರೆ ಅವಳ ಗಂಡ, ಎರಡು ತಿರುವು ದಾಟಿದರೆ ವಾಂತಿ ಮಾಡುವವನು. ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದನೋ ದೇವರಿಗೇ ಗೊತ್ತು.

ಒಂದೇ ಕಾರಿಗೆ ಇಬ್ಬರು ಓಡಿಸುವವರಾದರೆ ಟೈರು ಆರಿಸುವಾಗ ಜಗಳ ತಪ್ಪದು. ಅದಕ್ಕೇ ಕಾನೂನು: ಹಿಂದೆ ಬಿದ್ದವರು ಆರಿಸಬೇಕು. ಇಲ್ಲವಾದರೆ ಸೋತವರು ವರ್ಷಪೂರ್ತಿ ಟೈರಿನ ಮೇಲೆ ಗೂಬೆ ಕೂರಿಸುತ್ತಾರೆ. ಸೊಸೆ ಹಿಂದಿನ ವರ್ಷ ಸೋತಿದ್ದು ಒಂದೇ ಕಾರಣಕ್ಕೆ. ನಮ್ಮ ಬಯಲಿನಲ್ಲಿ ಒಂದು ಕಡೆ ಉದ್ದನೆಯ ನೇರ ದಾರಿ ಇದೆ. ಚಿಕ್ಕ ಚಕ್ರದಲ್ಲಿ ಎರಡನೇ ಗೇರು ಗಂಟೆಗೆ ಎಂಬತ್ತೆಂಟು ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಎಂಜಿನ್ ಕೂಗಿಕೊಳ್ಳುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಕ್ಲಚ್ ತುಳಿದು ಮೂರಕ್ಕೆ ಹಾಕಬೇಕು, ಉಸಿರು ಬಿಡುವಷ್ಟರಲ್ಲಿ ತಿರುವು ಬರುತ್ತದೆ, ಮತ್ತೆ ಕ್ಲಚ್ ತುಳಿದು ಎರಡಕ್ಕೆ ಇಳಿಸಬೇಕು. ಅವಳಿಗೆ ಅಲ್ಲಿ ಮೂರನೇ ಗೇರು ಸಿಗುತ್ತಲೇ ಇರಲಿಲ್ಲ. ಕಾರು ಗರಗರ ಅಂದು ಅಲ್ಲೇ ತೂಕಡಿಸುತ್ತಿತ್ತು.

ದೊಡ್ಡ ಚಕ್ರದಲ್ಲಿ ಎರಡನೇ ಗೇರೇ ತೊಂಬತ್ತಮೂರರವರೆಗೆ ಎಳೆಯುತ್ತದೆ. ನೇರ ದಾರಿ ಅಷ್ಟರಲ್ಲಿ ಮುಗಿಯುತ್ತದೆ, ಮೂರು ಬೇಡವೇ ಬೇಡ. ಆದರೆ ಅದು ಭಾರ. ಪ್ರತಿ ತಿರುವಿನಿಂದ ಏಳುವಾಗಲೂ ಕಾರು ಉಂಡು ಮಲಗಿದವರನ್ನು ಎಬ್ಬಿಸಿದ ಹಾಗೆ ಏಳುತ್ತದೆ. ಅಂದರೆ ಇವಳು ತನ್ನ ಕೈಗೆ ಗೇರು ಬಾರದ್ದಕ್ಕೆ ಇಡೀ ಕಾರನ್ನೇ ನಿಧಾನ ಮಾಡಿದ್ದಾಳೆ ಅಂತ ನನಗೆ ಅರ್ಥವಾಯಿತು. ನನ್ನ ನಾಲಿಗೆ ಸುಮ್ಮನಿರುತ್ತದೆಯೇ?

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ, ಗಾಳಿಯಣ್ಣನಿಗೂ ಅವನ ಗಿರಾಕಿಗಳಿಗೂ ಕೇಳುವ ಹಾಗೆ.

ಸೊಸೆ ಒಂದು ಕ್ಷಣ ನೆಲ ನೋಡಿದಳು. "ಹೌದು ಅತ್ತೆ. ಮೂರನೇ ಗೇರು ನನ್ನ ಕೈಗೆ ಹತ್ತಲ್ಲ. ಎರಡರಲ್ಲೇ ಓಡಿಸ್ತೀನಿ, ಬಿಡಿ."

ಗಾಳಿಯಣ್ಣ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡು, ಆಗಲೇ ಎರಡು ಸಲ ನೋಡಿದ್ದ ಟೈರಿನ ಗಾಳಿಯನ್ನು ಮೂರನೇ ಸಲ ನೋಡತೊಡಗಿದ. ಹೇಗಿದ್ದರೂ ಅವನಿಗೆ ಆ ಹೆಸರು ಬಂದದ್ದೇ ಆ ಚಾಳಿಯಿಂದ. ನಾನು ಪಟ್ಟು ಬಿಡಲಿಲ್ಲ. ವರ್ಷದ ಮೊದಲ ಕೂಟಕ್ಕೆ ಹಳೆಯ ಚಿಕ್ಕ ಚಕ್ರಗಳನ್ನೂ ಅವನ ವ್ಯಾನಿನಲ್ಲಿ ತರಬೇಕು, ಅವತ್ತು ಹಿಂದೆ ಬಿದ್ದವರು ಹೊಸದಾಗಿ ಆರಿಸಬೇಕು ಅಂತ ಕರಾರು ಮಾಡಿದೆ. ಸೊಸೆ ಆಗಲಿ ಅಂದಳು.

ಇನ್ನೊಂದು ವಿಷಯ ಹೇಳಲೇಬೇಕು. ಹಿಂದಿನ ವರ್ಷದ ಕೊನೆಯ ಕೂಟದಲ್ಲಿ ಮೂರಕ್ಕೆ ಹಾಕಲು ಕ್ಲಚ್ ಒತ್ತಿದಾಗ ನನ್ನ ಎಡ ಮಂಡಿ ಚಳಕ್ ಅಂದಿತ್ತು. ಕೂಟ ಗೆದ್ದೆ, ಮಂಡಿ ಸೋತಿತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಸವೆದಿದೆ, ಕ್ಲಚ್ ತುಳಿಯೋದು ಕಡಿಮೆ ಮಾಡಿ ಅಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗ ಅವತ್ತೇ ನನ್ನ ಹೆಲ್ಮೆಟ್ಟನ್ನು ಅಟ್ಟಕ್ಕೆ ಏರಿಸುತ್ತಿದ್ದ. ಆ ಭಾನುವಾರಗಳು ಹೋದರೆ ನನಗೆ ಉಳಿಯುವುದು ಕಾಲರು, ಕಾಜ, ಗುಂಡಿ. ಅವು ನನ್ನ ಅನ್ನ, ಇಲ್ಲ ಅನ್ನುವುದಿಲ್ಲ. ಆದರೆ ಕೋನುಗಳ ನಡುವೆ ಕಾರು ಹೊರಳುವಾಗ ನಾನು ಯಾರ ಅತ್ತೆಯೂ ಅಲ್ಲ, ಯಾರ ಅಮ್ಮನೂ ಅಲ್ಲ. ಅದನ್ನು ಬಿಟ್ಟು ಬದುಕುವುದು ನನಗೆ ಬೇಕಿರಲಿಲ್ಲ.

ಹಾಗಾಗಿ ನಾಟಕ ಶುರುವಾಯಿತು. ಮೆಟ್ಟಿಲು ಇಳಿಯುವಾಗ ಕಟಾಂಜನ ಹಿಡಿಯಬೇಕಿತ್ತು, ಅದಕ್ಕೆ ಕೈಯಲ್ಲೊಂದು ಬಟ್ಟೆ ಹಿಡಿದು ಧೂಳು ಒರೆಸುತ್ತಾ ಇಳಿಯುತ್ತಿದ್ದೆ. ನಮ್ಮ ಮನೆಯ ಕಟಾಂಜನ ಅಷ್ಟು ಹೊಳೆದದ್ದು ಅದೇ ಮೊದಲು. ಕರೆಂಟಿನ ಹೊಲಿಗೆ ಮಿಷನ್ನಿನ ಪೆಡಲನ್ನು ಎಡಗಾಲಿನ ಕಡೆಯಿಂದ ಬಲಗಾಲಿನ ಕಡೆಗೆ ಸರಿಸಿಕೊಂಡೆ. ಯಾರ ಕಣ್ಣಿಗೂ ಬೀಳಲಿಲ್ಲ ಅಂದುಕೊಂಡೆ. ಚಿಕ್ಕ ಚಕ್ರವೇ ಬೇಕು ಅಂತ ಹಟ ಹಿಡಿದದ್ದೂ ಅದಕ್ಕೇ. ದೊಡ್ಡದು ಕೇಳಿದರೆ ಯಾಕೆ ಅಂತ ಕೇಳುತ್ತಾರೆ. ಮಂಡಿಯನ್ನು ಹಲ್ಲು ಕಚ್ಚಿ ನೋಡಿಕೊಂಡರಾಯಿತು ಅಂತ ನನ್ನ ಲೆಕ್ಕ.

ಕೂಟದ ದಿನ ಬೆಳಗ್ಗೆ ಬಯಲು ಒದ್ದೆಯಾಗಿತ್ತು, ಒಂಬತ್ತರ ಬಿಸಿಲಿಗೆ ಒಣಗಿತು. ಮಗ ಮಡಚುವ ಕುರ್ಚಿ, ಛತ್ರಿ, ಟೀ ಫ್ಲಾಸ್ಕು ಇಟ್ಟುಕೊಂಡು ಕಾರುಗಳಿಂದ ಆದಷ್ಟು ದೂರ ಕೂತ. ಸೊಸೆ ಟೈರುಗಳ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಓಡಿ ಬಂದ ಮೇಲೆ ಆ ಗೆರೆ ಎಷ್ಟು ಅಳಿಸಿದೆ ಅಂತ ನೋಡಿದರೆ ತಿರುವಿನಲ್ಲಿ ಟೈರು ಎಷ್ಟು ಮಗ್ಗುಲಾಯಿತು, ಗಾಳಿ ಹೆಚ್ಚು ಬೇಕೋ ಕಡಿಮೆ ಬೇಕೋ ಗೊತ್ತಾಗುತ್ತದೆ. ನಾನು ಸ್ಟೀರಿಂಗ್ ಪೂರ್ತಿ ತಿರುಗಿಸಿ ದೊಡ್ಡ ಚಕ್ರ ಎಲ್ಲಾದರೂ ಉಜ್ಜುತ್ತದೆಯೇ ನೋಡಿದೆ. ಉಜ್ಜಲಿಲ್ಲ. ನನಗೆ ಬೇಜಾರಾಯಿತು.

ಅಭ್ಯಾಸದ ಸುತ್ತು ನಡೆಯುವಾಗ ಗಾಳಿಯಣ್ಣ ಬಂದ. ಅವನದೂ ನಮ್ಮದೇ ಮಾದರಿಯ ಕಾರು, ಚಕ್ರ ನಾನು ಬಯಸಿದ ಅದೇ ಹದಿನೈದು ಇಂಚಿನದು.

"ನನ್ ಕಾರು ಒಂದು ಸುತ್ತು ಓಡಿಸ್ತೀಯೇನಮ್ಮ?" ಎಂದು ಸೊಸೆಯನ್ನು ಕೇಳಿದ. "ತಿರುವಲ್ಲಿ ಟೈರು ಹೇಗೆ ಮಡಚುತ್ತೆ ಅಂತ ಹೊರಗೆ ನಿಂತು ನೋಡ್ಬೇಕು."

ಅವಳು ನನ್ನ ಕಡೆ ನೋಡಿ ಹಿಂಜರಿದಳು. "ಹೋಗೇ, ಮೂರಕ್ಕೆ ಹಾಕುವಾಗ ಅವನ ಗೇರು ಪೆಟ್ಟಿಗೆ ಪುಡಿ ಮಾಡ್ಬೇಡ," ಎಂದೆ.

ನಾನೂ ಗಾಳಿಯಣ್ಣನೂ ನೇರ ದಾರಿಯ ತುದಿಯಲ್ಲಿ ನಿಂತೆವು. ಕಾರು ಕಾಣುವ ಮೊದಲು ಸದ್ದು ಬಂತು. ಎರಡನೇ ಗೇರು ಕೂಗುತ್ತಾ ಏರಿತು. ಈಗ ಗರಗರ ಅನ್ನುತ್ತದೆ ಅಂತ ನಾನು ಹಲ್ಲು ಕಚ್ಚಿದೆ. ಸದ್ದು ಒಂದೇ ಒಂದು ಚಣ ತಗ್ಗಿ, ಮೂರಕ್ಕೆ ಬಿದ್ದು, ಮತ್ತೆ ಏರಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಮ್ಮ ಮುಂದೆ ಬ್ರೇಕು ಹಿಡಿದು ಅಷ್ಟೇ ನಯವಾಗಿ ಎರಡಕ್ಕೆ ಇಳಿಸಿ, ಕೋನನ್ನು ಸವರಿಕೊಂಡು ತಿರುಗಿ ಹೋದಳು.

"ಇವಳು ಇದನ್ನ ಯಾವಾಗ ಕಲಿತಳು?" ಎಂದೆ.

"ಚಳಿಗಾಲ ಪೂರ್ತಿ ನನ್ ಕಾರಲ್ಲೇ ಕಲಿತ್ಲಲ್ಲ ಅಕ್ಕ. ಚಿಕ್ಕ ಚಕ್ರದಲ್ಲೇ ಹೋಗು, ಈ ವರ್ಷ ಕಪ್ಪು ನಿನ್ದೇ ಅಂತ ನಾನೇ ಹೇಳಿದೆ. ಮೂರನೇ ಗೇರು ಬೇಡದ ಸೈಜೇ ಬೇಕು ಅಂದ್ಲು. ಯಾಕೆ ಅಂತ ಹೇಳ್ಲಿಲ್ಲ."

ಅವನು ಹೇಳಬೇಕಿರಲಿಲ್ಲ, ನನ್ನ ಮಂಡಿಗಾಗಿ ಅಂತ ನನಗೆ ಗೊತ್ತಾಯಿತು. ಅಲ್ಲೇ ಕೋನಿನ ಪಕ್ಕದಲ್ಲಿ ನನ್ನ ಮುಖ ಬಿಸಿಯಾಯಿತು. ಚಿಕ್ಕ ಚಕ್ರ ಇದ್ದಿದ್ದರೆ ಅವಳು ನನಗೆ ಮಣ್ಣು ಮುಕ್ಕಿಸುತ್ತಿದ್ದಳು. ನಾನು ಇದೇ ಜಾಗದಲ್ಲಿ, ಮಗನ ಕಣ್ಣೆದುರು, ಮಂಡಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಅವಳು ತನಗೆ ಬಂದ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ನನ್ನ ಗಾದೆಯನ್ನೂ ನುಂಗಿಕೊಂಡು, ಹೌದು ಅತ್ತೆ ಅಂದಿದ್ದಳು.

ನನ್ನ ಸರದಿ ಬಂತು. ಹೊರಡಲು ಒಂದು ಸಲ, ಎರಡಕ್ಕೆ ಹಾಕಲು ಇನ್ನೊಂದು ಸಲ ಕ್ಲಚ್ ತುಳಿದೆ. ಅಷ್ಟನ್ನು ಮಂಡಿ ತಡೆದುಕೊಂಡಿತು. ಆಮೇಲೆ ಎಡಗಾಲನ್ನು ಕ್ಲಚ್ಚಿನ ಪಕ್ಕದಲ್ಲಿ ಕಾಲು ಊರುವ ಮೆಟ್ಟಿನ ಮೇಲೆ ಇಟ್ಟೆ. ತಿರುವುಗಳಿಂದ ಕಾರು ನಿಧಾನವಾಗಿಯೇ ಎದ್ದಿತು, ನಾನು ಬೈಯಲಿಲ್ಲ. ನೇರ ದಾರಿಯಲ್ಲಿ ಎಂಬತ್ತೆಂಟು ದಾಟಿತು, ತೊಂಬತ್ತು ದಾಟಿತು, ಎಂಜಿನ್ ಇನ್ನೂ ಎಳೆಯುತ್ತಲೇ ಇತ್ತು. ಎಡಗಾಲು ಇಟ್ಟಲ್ಲೇ ಇತ್ತು, ನೋವಿಲ್ಲದೆ. ಹೆಲ್ಮೆಟ್ಟಿನ ಒಳಗೆ, ಯಾರಿಗೂ ಕಾಣದ ಹಾಗೆ, ನಾನು ಅಳುತ್ತಾ ಓಡಿಸಿದೆ. ನನ್ನ ತಾಯಿಯೂ ನನ್ನನ್ನು ಇಷ್ಟು ನಯವಾಗಿ ಎತ್ತಿಕೊಂಡಿರಲಿಕ್ಕಿಲ್ಲ. ಇನ್ನೂ ಎಷ್ಟೋ ಭಾನುವಾರಗಳು ನನ್ನವು ಅಂತ ಗೊತ್ತಾಯಿತು, ಕೊಟ್ಟವಳು ಯಾರು ಅಂತಲೂ ಗೊತ್ತಾಯಿತು.

ಓಡಿ ಬಂದು ನಿಲ್ಲಿಸಿದರೆ ಸೊಸೆ ಗಿಡಕ್ಕೆ ನೀರು ಚಿಮುಕಿಸುವ ಪಂಪು ಹಿಡಿದು ಕಾಯುತ್ತಿದ್ದಳು. ಒಂದೇ ಕಾರನ್ನು ಇಬ್ಬರು ಒಬ್ಬರಾದ ಮೇಲೊಬ್ಬರು ಓಡಿಸಿದರೆ ಟೈರು ಕಾದು ಜಾರುತ್ತದೆ, ನಡುವೆ ತಣಿಸಬೇಕು. ಅವಳು ಕುಕ್ಕರುಗಾಲಿನಲ್ಲಿ ಕೂತು ನಾಲ್ಕೂ ಟೈರಿಗೆ ನೀರು ಹೊಡೆದಳು. ನಾನು ಇಳಿಯುವಾಗ ಬಾಗಿಲನ್ನು ಹಿಡಿದುಕೊಂಡಳು, ಸುಮ್ಮನೆ, ಗಾಳಿಗೆ ಬಡಿಯದಿರಲಿ ಅನ್ನುವ ಹಾಗೆ. ಗಾಳಿಯೇ ಇರಲಿಲ್ಲ.

ಕೊನೆಗೆ ಲೆಕ್ಕ ನೋಡಿದರೆ ಅವಳು ನನಗಿಂತ ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಮುಂದಿದ್ದಳು. ಗೇರು ಬೇಡದ ಕಾರಿನಲ್ಲೂ ಅವಳೇ ಮುಂದೆ. ಸೋತವಳು ನಾನು, ಆರಿಸಬೇಕಾದವಳೂ ನಾನೇ. ಗಾಳಿಯಣ್ಣ ವ್ಯಾನಿನ ಹಿಂಬಾಗಿಲು ತೆಗೆದು ಹಳೆಯ ಚಕ್ರದ ಮೇಲೆ ಕೈ ಇಟ್ಟು ನಿಂತ. ಸೊಸೆಯ ಮುಖ ಬಿಳುಚಿಕೊಂಡಿತು. ನನ್ನ ಹಟ ಅವಳಿಗೆ ಗೊತ್ತಲ್ಲ. ಮಗ ಅವಳಿಗೆ ಟೀ ಬಗ್ಗಿಸುತ್ತಿದ್ದ.

ಯಾವ ಚಕ್ರ ಬೇಕು ಅನ್ನುವುದನ್ನು ಮಂಡಿಯ ಮಾತು ಎತ್ತದೆಯೂ ಹೇಳಬಹುದಿತ್ತು. ಆದರೆ ಆ ಗಾದೆಯನ್ನು ನಾಲ್ಕು ಜನರ ಎದುರು ಹೇಳಿದ್ದೆ. ಇದನ್ನೂ ನಾಲ್ಕು ಜನರ ಎದುರೇ ಹೇಳಬೇಕಿತ್ತು.

"ಆ ಚಕ್ರ ಇಳಿಸ್ಬೇಡ ಗಾಳಿಯಣ್ಣ," ಎಂದೆ. "ದೊಡ್ಡದೇ ಇರ್ಲಿ. ನನ್ನ ಮಂಡಿಗೆ ಅದೇ ಸರಿ."

ಮಗ ಫ್ಲಾಸ್ಕು ಹಿಡಿದೇ ತಿರುಗಿದ. "ಯಾವ ಮಂಡಿ?"

"ಎಡದ್ದು," ಎಂದೆವು, ನಾನೂ ಸೊಸೆಯೂ ಒಟ್ಟಿಗೆ.

ಟೀ ಲೋಟ ತುಂಬಿ ಅವನ ಚಪ್ಪಲಿಯ ಮೇಲೆ ಹರಿಯಿತು. ನಾನು ಸೊಸೆಯ ಕಡೆ ತಿರುಗಿದೆ. "ನಿನಗೆ ಹೇಗೆ ಗೊತ್ತಾಯ್ತೇ?"

"ಮಿಷನ್ ಪೆಡಲ್ಲು ಬಲಗಡೆಗೆ ಬಂತಲ್ಲ ಅತ್ತೆ. ಎಡಗಡೆ ನೆಲದಲ್ಲಿ ಸವೆದ ಗುರುತು ಹಾಗೇ ಇದೆ." ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳ ಕಣ್ಣಿಗೆ ಮಣ್ಣೆರಚಲು ಹೋದ ನನ್ನ ಬುದ್ಧಿಗೆ ಏನನ್ನಬೇಕು?

"ಡಾಕ್ಟರಿಗೆ ತೋರಿಸ್ದೆಯಾ ಅಮ್ಮ?" ಎಂದ ಮಗ. ದನಿ ಗಟ್ಟಿಯಾಗಿತ್ತು, ಕಣ್ಣು ನನ್ನ ಹೆಲ್ಮೆಟ್ಟಿನ ಮೇಲಿತ್ತು. "ಏನಂದ್ರು?"

"ಕ್ಲಚ್ಚು ತುಳಿಯೋದು ಕಡಿಮೆ ಮಾಡಿ ಅಂದ್ರು."

"ಮತ್ತೆ?"

"ಮಾಡಿದ್ದೀವಲ್ರೀ," ಎಂದಳು ಸೊಸೆ, ಟೈರಿನ ಕಡೆ ಕೈ ತೋರಿಸಿ.

ಅವನು ಟೈರು ನೋಡಿದ, ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನನ್ನ ಹೆಲ್ಮೆಟ್ಟನ್ನು ಎತ್ತಿ ಅಟ್ಟಕ್ಕಲ್ಲ, ಕಾರಿನ ಹಿಂದಿನ ಸೀಟಿಗೆ ಇಟ್ಟ. ನಾನು ಸೊಸೆಯ ಕೈ ಹಿಡಿದುಕೊಂಡೆ. ಸೀಮೆಸುಣ್ಣ, ನೀರು, ಟೈರಿನ ಕಪ್ಪು ಎಲ್ಲ ಹತ್ತಿದ ಕೈ ಅದು.

"ದೊಡ್ಡ ಉಪಕಾರ ಮಾಡಿದೆ ಕಣೆ ಮಗಳೇ," ಎಂದೆ. "ಅವತ್ತು ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡ."

"ಇಟ್ಕೊಂಡಿದ್ದೆ ಅತ್ತೆ," ಎಂದಳು ಅವಳು. "ಅದಕ್ಕೇ ಇವತ್ತು ಸೋಲಿಸಿದ್ದು."

ಸಂಜೆ ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಧೂಳೊರೆಸುವ ಬಟ್ಟೆ ಮೊಳೆಯಲ್ಲೇ ತೂಗುತ್ತಿತ್ತು. ನಾನು ಅದನ್ನು ತೆಗೆದುಕೊಳ್ಳದೆ ಅವಳ ಹೆಗಲ ಮೇಲೆ ಕೈ ಇಟ್ಟು ಹತ್ತಿದೆ.