ನಕ್ಷೆಯಲ್ಲಿದ್ದ ಕಿಟಕಿ

ಸಾನಪಾಡಾದ ಆ ಏಳನೇ ಮಾಳಿಗೆಯ ಮನೆಯಲ್ಲಿ, ಒಳಕೋಣೆಗೆ ಹಗಲಲ್ಲೂ ಟ್ಯೂಬ್‌ಲೈಟು ಬೇಕು. ಹನ್ನೊಂದು ವರ್ಷ ಆ ಕತ್ತಲೆಗೆ ಬೈದು ಬೈದು ಸಾಕಾಗಿ, ಅನಸೂಯಾ ಕೊನೆಗೂ ಗಂಡ ವಸಂತಕುಮಾರನನ್ನು ಒಪ್ಪಿಸಿದ್ದಳು. ಇದನ್ನು ಮಾರಿ ಬದಲಾಪುರದಲ್ಲಿ ಬೆಳಕಿರುವ ಮನೆ ಹಿಡಿಯುವುದೆಂದಾಯಿತು. ಗಿರಾಕಿಯೂ ಸಿಕ್ಕಿದ. ಅವನಿಗೆ ಸಾಲ ಕೊಡುವ ಬ್ಯಾಂಕಿನವರು ಮನೆಯ ಬೆಲೆ ಕಟ್ಟಲು ಪ್ರಣೀತಾ ಎಂಬ ಹುಡುಗಿಯನ್ನು ಕಳಿಸಿದರು.

ಅವಳು ಬಂದಾಗ ಮಧ್ಯಾಹ್ನ ಎರಡೂವರೆ. ಬೆಳಿಗ್ಗೆಯಿಂದ ಅದು ಐದನೆಯ ಮನೆಯಂತೆ. ಹಿರಿಯರು ಉಡುಪಿ ಕಡೆಯವರಾದರೂ ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಗೋಡೆಯಿಂದ ಗೋಡೆಗೆ ಲೇಸರ್ ಅಳತೆಯಂತ್ರದ ಕೆಂಪು ಚುಕ್ಕೆ ಬಿಟ್ಟು ಅಳೆಯುತ್ತ ಒಳಕೋಣೆಗೆ ಬಂದವಳು, ಕೈಯಲ್ಲಿದ್ದ ಮನೆಯ ನಕ್ಷೆಯನ್ನೊಮ್ಮೆ, ಗೋಡೆತುಂಬ ನಿಂತ ಕಪಾಟನ್ನೊಮ್ಮೆ ನೋಡಿದಳು.

“ಆಂಟಿ, ಇಧರ್ ತೋ ಖಿಡ್ಕಿ ಹೈ.”

ಇಲ್ಲಿ ಕಿಟಕಿಯೇ ಇಲ್ಲ, ಕಪಾಟು ಹಿಂದಿನ ಮಾಲೀಕರು ಮಾಡಿಸಿದ್ದು ಎಂದಳು ಅನಸೂಯಾ. ಕಟ್ಟಡದ ಹಿಂಬದಿ ಬರೀ ಕೆಸರು. ಅಲ್ಲಿ ನಿಂತು ಮೇಲೆ ನೋಡಿದವರಾದರೂ ಯಾರು? ಹುಡುಗಿ ಕಪಾಟಿನ ಹಿಂದಿನ ಹಲಗೆ ತಟ್ಟಿದಳು. ಟೊಳ್ಳು ಸದ್ದು. ಬಿಚ್ಚುವುದು ತನ್ನ ಕೆಲಸವಲ್ಲ, ‘ಮುಚ್ಚಿದೆ’ ಎಂದು ಬರೆದುಕೊಳ್ಳುತ್ತೇನೆ ಎಂದಳು. ಅನಸೂಯಾಳಿಗೆ ತಡೆಯಲಾಗಲಿಲ್ಲ. ಸೀರೆಗಳನ್ನೆಲ್ಲ ಮಂಚಕ್ಕೆ ಹಾಕಿ ತಾನೇ ಸ್ಕ್ರೂ ಬಿಚ್ಚಿದಳು.

ಹಲಗೆ ಸರಿಸಿ, ಧೂಳು ಮೆತ್ತಿದ ಗಾಜನ್ನು ಜಗ್ಗಿದಳು. ಗಾಳಿ ನುಗ್ಗಿತು. ಕೆಳಗೆ ಉಪ್ಪುನೀರಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಗಿಡಗಳು, ಅವುಗಳಾಚೆ ಸಮುದ್ರದ ನೀರು ಇಳಿದಿದ್ದ ಖಾಡಿ, ಹೊಳೆಯುವ ಕೆಸರಿನ ಮೇಲೆ ಸಾವಿರಾರು ಫ್ಲೆಮಿಂಗೊ ಹಕ್ಕಿಗಳು. ಒಂದು ಗುಂಪು ಎದ್ದು ಹಾರಿದಾಗ ಆಕಾಶದ ಆ ತುಂಡು ಗುಲಾಬಿಯಾಯಿತು.

ಚಹಾ ಮಾಡಿ ತರುವಷ್ಟರಲ್ಲಿ ಪ್ರಣೀತಾ ಸೀರೆಗಳ ರಾಶಿಗೆ ಒರಗಿ ನಿದ್ದೆಹೋಗಿದ್ದಳು. ಎಬ್ಬಿಸಲು ಮನಸ್ಸಾಗದೆ ಅನಸೂಯಾ ಒಂದು ಸೀರೆ ಹೊದೆಸಿ ಕಿಟಕಿಯ ಬಳಿ ಕೂತಳು. ಎಷ್ಟು ಹೊತ್ತೋ. ಹಕ್ಕಿಗಳ ಕಾಲಡಿ ಭರತದ ನೀರು ಮೆಲ್ಲಗೆ ಏರುತ್ತಿತ್ತು. ಹುಡುಗಿ ಕಣ್ಣು ಮುಚ್ಚಿಕೊಂಡೇ, ತನ್ನ ಮನೆಯಲ್ಲೇ ಮಲಗಿದವಳಂತೆ, ಅಚ್ಚ ಕನ್ನಡದಲ್ಲಿ ಕೇಳಿದಳು:

“ಅಮ್ಮಾ, ನೀರು ಬಂತಾ?”

“ಬಂತು ಮಗಾ. ನೀನು ಮಲ್ಕೊ.”

ಎದ್ದಮೇಲೆ ಅವಳಿಗೆ ನಾಚಿಕೆಯೋ ನಾಚಿಕೆ. ಆರಿದ ಚಹಾ ಕುಡಿದು, ಕಿಟಕಿಯ ಅಳತೆ ಬರೆದುಕೊಂಡು ಹೋದಳು.

ಸಂಜೆ ವಸಂತಕುಮಾರ ಬಂದವನೇ ಚಪ್ಪಲಿಯನ್ನೂ ಬಿಡದೆ ಕಿಟಕಿಯ ಮುಂದೆ ನಿಂತುಬಿಟ್ಟ. ಮಾರುವುದು ಬೇಡವೇ ಎಂದು ಕೇಳಿದ. ಮಾತು ಕೊಟ್ಟಾಗಿದೆ ಎಂದಳು ಅನಸೂಯಾ. ಕಾಗದಪತ್ರ ಮುಗಿಯಲು ಎರಡು ತಿಂಗಳು ಹಿಡಿಯಿತು. ಅಷ್ಟೂ ಮಧ್ಯಾಹ್ನ ಅವಳು ಆ ಕೋಣೆಯಲ್ಲೇ ಮಲಗಿದಳು. ಮಳೆ ಹತ್ತಿರವಾದಂತೆ ಹಕ್ಕಿಗಳು ಗುಂಪುಗುಂಪಾಗಿ ಹೊರಟವು. ಕೊನೆಯವು ಹೋದ ವಾರವೇ ಇವರ ಸಾಮಾನಿನ ಟೆಂಪೊವೂ ಹೊರಟಿತು.